ಮದ್ದು ಬರೆದ ಹೂವು, ಕಾಗದದ ಪಾಡು

ಹಳೆಯ ಕಾಗದ, ಚಿತ್ರಪಟಗಳು ಹಾಳಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕನ್ಸರ್ವೇಟರ್ ಅಂತ ಕರೆಯುತ್ತಾರೆ. ನಮ್ಮ ಟೇಬಲ್‌ಗೆ ಬರುವ ತೊಂದರೆಗಳಲ್ಲಿ ಹೊಗೆ, ಬೆಂಕಿಯ ಪಾಲು ಜಾಸ್ತಿ. ದೇವರಮನೆಯಲ್ಲಿ ಎರಡು ಮೂರು ತಲೆಮಾರು ದೀಪ, ಕರ್ಪೂರ, ಊದುಬತ್ತಿಯ ಹೊಗೆ ಕುಡಿದ ಮೈಸೂರು ಶೈಲಿಯ ಪಟಗಳು. ಶಾರ್ಟ್ ಸರ್ಕ್ಯೂಟ್ ಆದ ಮನೆಯಲ್ಲಿ ಹೇಗೋ ಉಳಿದ ಫೋಟೋಗಳು. ಅಂಚು ಕರಟಿ ಹೋದ ಜಮೀನಿನ ಪತ್ರಗಳು. ಇವನ್ನೇ ನೋಡಿ ನೋಡಿ, ಸುಟ್ಟ ಕಲೆ ಕಂಡರೆ ಸಾಕು, ಕೈ ತಾನಾಗೇ ಬ್ರಷ್ ಹುಡುಕುತ್ತದೆ.

ನಮ್ಮಂಥವರ ಕಣ್ಣಿಗೆ ಚೀನಾದ ಕಲಾವಿದ ತ್ಸಾಯ್ ಗ್ವೋ-ಚಿಯಾಂಗ್ ಅವರ ಕೆಲಸ ಒಂದು ತಮಾಷೆಯ ಸಂಗತಿ. ನಾವು ವಾರಗಟ್ಟಲೆ ಕೂತು ತೆಗೆಯಲು ಒದ್ದಾಡುವುದನ್ನೇ ಅವರು ಬೇಕಂತಲೇ ಹಾಕುತ್ತಾರೆ. ಅದೂ ಒಂದೆರಡು ಸೆಕೆಂಡಿನಲ್ಲಿ, ಸಿಡಿಮದ್ದಿನ ಪುಡಿ ಸಿಡಿಸಿ. ಹೂವು, ಹಕ್ಕಿ, ಬೆಟ್ಟ, ಸಮುದ್ರ ಎಲ್ಲವೂ ಹಾಗೇ ಮೂಡುತ್ತವೆ.

ತ್ಸಾಯ್ ಹುಟ್ಟಿದ್ದು 1957ರಲ್ಲಿ, ಫುಜಿಯಾನ್ ಪ್ರಾಂತ್ಯದ ಚುವಾನ್‌ಝೌ ಎಂಬ ಬಂದರು ಊರಲ್ಲಿ. ಮದುವೆಯಿರಲಿ, ಸಾವಿರಲಿ, ಪಟಾಕಿ ಸದ್ದಿಲ್ಲದೆ ಏನೂ ನಡೆಯದ ಊರು ಅದು. ಅಪ್ಪ ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತಾ ಬೆಂಕಿಪೊಟ್ಟಣದ ಮೇಲೆ ಪುಟ್ಟ ಪುಟ್ಟ ನಿಸರ್ಗಚಿತ್ರ ಬರೆಯುತ್ತಿದ್ದವರು. ಮಗ ಶಾಂಘೈಯಲ್ಲಿ ರಂಗಸಜ್ಜಿಕೆ ಕಲಿತ. 1984ರ ಹೊತ್ತಿಗೆ ಮದ್ದಿನ ಪ್ರಯೋಗ ಶುರುವಾಯಿತು. 1986ರ ಕೊನೆಗೆ ಜಪಾನಿಗೆ ಹೋದರು, 1995ರಲ್ಲಿ ನ್ಯೂಯಾರ್ಕ್ ಸೇರಿದರು. ಊರಲ್ಲಿ ಮದ್ದಿನ ಪ್ರಯೋಗದ ಮೊದಲ ದಿನಗಳಲ್ಲಿ ಕ್ಯಾನ್ವಾಸ್ ಹೊತ್ತಿಕೊಂಡು ಉರಿಯತೊಡಗಿದಾಗ ಅಜ್ಜಿ ಬಂದು ಬಟ್ಟೆ ಹಾಕಿ ಮುಚ್ಚಿ ಆರಿಸಿದರಂತೆ. ಹಚ್ಚುವುದಕ್ಕಿಂತ ಆರಿಸುವುದನ್ನು ಕಲಿಯಬೇಕು ಅಂತ ಗೊತ್ತಾಗಿದ್ದೇ ಅಜ್ಜಿಯಿಂದ ಎಂದು ಅವರು ಹೇಳಿಕೊಳ್ಳುತ್ತಾರೆ. ನನ್ನ ಕಸುಬಿನವರಿಗೆ ಈ ಅಜ್ಜಿ ತುಂಬ ಇಷ್ಟ.

ಈಗ ಮದ್ದಿನ ವಿಷಯ. ಕರಿಮದ್ದು ಅಂದರೆ ಮೂರೇ ವಸ್ತು: ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಇದ್ದಿಲು, ಗಂಧಕ. ತೂಕದಲ್ಲಿ ಹೆಚ್ಚು ಕಡಿಮೆ 75, 15, 10 ಪಾಲು. ಇದ್ದಿಲು ಉರಿಯುತ್ತದೆ, ಗಂಧಕ ಬೇಗ ಹೊತ್ತಿಕೊಳ್ಳಲು ನೆರವಾಗುತ್ತದೆ, ಪೆಟ್ಲುಪ್ಪು ಆಮ್ಲಜನಕ ಕೊಡುತ್ತದೆ. ಅಂದರೆ ಉರಿಯಲು ಬೇಕಾದ ಗಾಳಿ ಪುಡಿಯೊಳಗೇ ಇದೆ. ಹಾಗಾಗಿ ಮೇಲೆ ಏನು ಮುಚ್ಚಿದರೂ ಅದು ಆರುವುದಿಲ್ಲ. ತ್ಸಾಯ್ ಅವರ ಇಡೀ ವಿದ್ಯೆ ನಿಂತಿರುವುದು ಈ ಒಂದು ಗುಣದ ಮೇಲೆ.

ಅವರು ಕಾಗದವನ್ನು ನೆಲಕ್ಕೆ ಹಾಸುತ್ತಾರೆ. ಹೆಚ್ಚಾಗಿ ಜಪಾನಿನ ಕೈಕಾಗದ, ಸೆಣಬಿನ ಜಾತಿಯ ನಾರಿನದು. ಉದ್ದ ನಾರು, ಹಾಗಾಗಿ ಸುಲಭಕ್ಕೆ ಹರಿಯುವುದಿಲ್ಲ. ಅದರ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಅಚ್ಚುಗಳನ್ನಿಟ್ಟು, ಸಂದಿಯಲ್ಲಿ ಮದ್ದು ಉದುರಿಸುತ್ತಾರೆ. ರಂಗೋಲಿ ಹಾಕುವವರ ಹಾಗೆ ಬೆರಳ ಸಂದಿಯಿಂದಲೇ ಪುಡಿ ಬಿಡುತ್ತಾರೆ. ಒಂದು ಕಡೆ ನುಣುಪಾದ ಪುಡಿ, ಇನ್ನೊಂದು ಕಡೆ ದಪ್ಪ ಕಾಳು. ನಡುನಡುವೆ ಬತ್ತಿ ಎಳೆಯುತ್ತಾರೆ. ಆಮೇಲೆ ಎಲ್ಲದರ ಮೇಲೂ ರಟ್ಟಿನ ಹಾಳೆ ಮುಚ್ಚಿ, ಅಲ್ಲಲ್ಲಿ ಇಟ್ಟಿಗೆಯನ್ನೋ ಕಲ್ಲನ್ನೋ ಹೇರುತ್ತಾರೆ. ಊದುಬತ್ತಿಯಿಂದ ಬತ್ತಿಗೆ ಕಿಡಿ ತಾಗಿಸುತ್ತಾರೆ. ಢಮ್! ಹೊಗೆ ಎದ್ದ ಕೂಡಲೇ ಸಹಾಯಕರು ಬಟ್ಟೆ ಉಂಡೆ ಹಿಡಿದು ಓಡಿ ಬಂದು, ಇನ್ನೂ ಮಿನುಗುತ್ತಿರುವ ಕಿಡಿಗಳನ್ನು ಒತ್ತಿ ಒತ್ತಿ ಆರಿಸುತ್ತಾರೆ.

ರಟ್ಟು ಮುಚ್ಚುವುದು ಯಾಕೆ? ಕಾಗದ ಉಳಿಸಲು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. ಬಯಲಲ್ಲಿ ಸುಮ್ನೆ ಸುರಿದ ಮದ್ದು ಬುಸ್ ಅಂತ ಮೇಲಕ್ಕೆ ಉರಿದು ಹೋಗುತ್ತದೆ. ಭಾರ ಹೇರಿದರೆ ಬಿಸಿ ಅನಿಲಕ್ಕೆ ಮೇಲೆ ಹೋಗಲು ದಾರಿಯಿಲ್ಲ, ಕಾಗದದ ಮೈ ಸವರಿಕೊಂಡು ಅಕ್ಕಪಕ್ಕಕ್ಕೆ ನುಗ್ಗುತ್ತದೆ. ಆ ಒತ್ತಡಕ್ಕೆ ಹೊಗೆ ನಾರಿನೊಳಗೆ ಇಳಿಯುತ್ತದೆ. ಉರಿಯೂ ಬೇಗ ಮುಗಿಯುತ್ತದೆ. ಕಾಗದ ಹೊತ್ತಿಕೊಳ್ಳಲು ಬೇಕಾದ ಬಿಸಿ ಇದೆ, ಆದರೆ ಬೇಕಾದಷ್ಟು ಹೊತ್ತು ಸಿಗುವುದಿಲ್ಲ. ಕಲ್ಲು ಎಲ್ಲಿಟ್ಟರು, ಎಷ್ಟು ಭಾರದ್ದು ಇಟ್ಟರು ಅನ್ನುವುದರ ಮೇಲೆ ಎಸಳಿನ ಅಂಚು ಮೆತ್ತಗಾಗುತ್ತದೋ ಚೂಪಾಗುತ್ತದೋ ಎಂಬುದು ನಿಂತಿದೆ.

ಇಂಥ ಚಿತ್ರವನ್ನು ಭೂತಗನ್ನಡಿ ಹಿಡಿದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಬೇಕು. ದೂರದಿಂದ ಒಂದೇ ಕಂದು ಬಣ್ಣ ಅನಿಸಿದ್ದು ಹತ್ತಿರದಲ್ಲಿ ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ. ಹಳದಿ ಮಿಶ್ರಿತ ಬೂದು ಮೋಡದಂತಿರುವುದು ಹೊಗೆಯ ಕಲೆ. ಕಾಗದದ ನಾರು ಅಲ್ಲಿ ಗಟ್ಟಿಯಾಗೇ ಇರುತ್ತದೆ. ಕಡು ಕಂದು ಇರುವಲ್ಲಿ ನಾರೇ ಬೆಂದಿದೆ. ಅಲ್ಲಿ ಕಾಗದ ಹಪ್ಪಳದಷ್ಟು ಪುಡಿಪುಡಿ. ಕೆಲವು ಕಡೆ ದಪ್ಪ ಕಾಳು ಸಿಡಿದು ಸಣ್ಣ ಗುಂಡಿ, ಒಮ್ಮೊಮ್ಮೆ ತೂತೇ ಆಗಿರುತ್ತದೆ. ಇವುಗಳ ನಡುವೆ ಅರ್ಧಂಬರ್ಧ ಉರಿದ ಕರಿ ಕಾಳುಗಳು ಅಂಟಿಕೊಂಡಿರುತ್ತವೆ. ಕುಂಚ ಹಿಡಿದವನು ಗಾಢ, ತಿಳಿ ಅಂತ ಬಣ್ಣ ಬೆರೆಸುವಂತೆ ಇವರು ಹೊಗೆ, ಬೇಗೆ, ತೂತು ಬೆರೆಸುತ್ತಾರೆ.

ದೇವರಪಟದ ಮಸಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ದೀಪದ ಮಸಿ ಮೇಲೆ ಕೂತಿರುತ್ತದೆ. ಒಣ ರಬ್ಬರ್ ಸ್ಪಂಜಿನಿಂದ ಮೆಲ್ಲಗೆ ಎತ್ತಿದರೆ ಬಹಳಷ್ಟು ಬರುತ್ತದೆ. (ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮಸಿ ಒಳಕ್ಕೆ ಇಳಿದು ಅಲ್ಲೇ ಕೂತುಬಿಡುತ್ತದೆ. ಬಣ್ಣ ಹೋಗುವುದು ಬೇರೆ.) ಮದ್ದಿನ ಚಿತ್ರದ ಮೇಲೆ ಸ್ಪಂಜು ಇಟ್ಟರೆ ಚಿತ್ರವೇ ಎದ್ದು ಬರುತ್ತದೆ. ಧೂಳು ಕೂತರೂ ಬ್ರಷ್ ಆಡಿಸುವ ಹಾಗಿಲ್ಲ, ಯಾಕೆಂದರೆ ಯಾವುದು ಧೂಳು, ಯಾವುದು ಕಲಾವಿದ ಬಿಟ್ಟ ಕಾಳು ಅಂತ ಗೆರೆ ಎಳೆಯುವವರು ಯಾರು?

ಇನ್ನೊಂದು ಕಿರಿಕಿರಿ ಇದೆ. ಕರಿಮದ್ದು ಉರಿದಾಗ ಪೂರ್ತಿ ಗಾಳಿಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ನಾವು ನೋಡುವ ದಟ್ಟ ಬಿಳಿ ಹೊಗೆ ಅಂದರೆ ಅದೇ, ಪೊಟ್ಯಾಸಿಯಂ ಲವಣಗಳ ಸಣ್ಣ ಕಣ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ತೇವ ಹೀರುವುದರಲ್ಲಿ ಎತ್ತಿದ ಕೈ. ಕರಿಮದ್ದಿನ ಕೋವಿಯನ್ನು ಹೊಡೆದ ದಿನವೇ ತೊಳೆಯದಿದ್ದರೆ ನಳಿಗೆ ತುಕ್ಕು ಹಿಡಿಯುವುದು ಇದಕ್ಕೇ. ಕಾಗದದಲ್ಲೂ ಈ ಲವಣ ಕೂತಿರುತ್ತದೆ. ಹವೆಯಲ್ಲಿ ತೇವ ಏರಿದಾಗ ಹೀರುತ್ತದೆ, ಇಳಿದಾಗ ಬಿಡುತ್ತದೆ. ಬೆಂದ ನಾರು ಈ ಎಳೆದಾಟ ತಡೆಯುವುದಿಲ್ಲ. ಮಂಗಳೂರಿನ ಜೂನ್ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಇಂಥದ್ದೊಂದನ್ನು ನೇತುಹಾಕಿ ಅಂದರೆ ನಾನಂತೂ ಒಪ್ಪುವುದಿಲ್ಲ. ಗಾಜಿಗೆ ತಾಗದಂತೆ ಆಳವಾದ ಚೌಕಟ್ಟು ಬೇಕು, ತೇವ ಏರಿಳಿಯದ ಕೋಣೆ ಬೇಕು, ಸಾಗಿಸುವಾಗ ಮಲಗಿಸಿಯೇ ಒಯ್ಯಬೇಕು.

ಇಷ್ಟೆಲ್ಲ ಪಾಡು ಪಟ್ಟು ಹೂವು ಹಕ್ಕಿ ಬರೆಯುವುದು ಯಾಕೆ? ಪೆನ್ಸಿಲ್‌ನಲ್ಲಿ ಬರೆದರೆ ಆಗಲ್ವಾ? ತರಬೇತಿಗೆ ಬರುವ ಹುಡುಗರು ಕೇಳೇ ಕೇಳುತ್ತಾರೆ. 2015ರಲ್ಲಿ ಯೊಕೊಹಾಮಾ ಮ್ಯೂಸಿಯಂಗಾಗಿ ಮಾಡಿದ ರಾತ್ರಿಯ ಸಕುರಾ (ಚೆರ್ರಿ) ಹೂಗಳ ಚಿತ್ರ ನೋಡಿ. 8 ಮೀಟರ್ ಎತ್ತರ, 24 ಮೀಟರ್ ಅಗಲ. ಅದರಲ್ಲಿ ಒಂದೊಂದು ಎಸಳಿನ ಗೆರೆಯೂ ಎಲ್ಲಿ ನಿಲ್ಲುತ್ತದೆ ಅಂತ ಕಲಾವಿದನಿಗೆ ಮೊದಲೇ ಗೊತ್ತಿರುವುದಿಲ್ಲ. ಅಚ್ಚು ಅವರದು, ಪುಡಿಯ ಲೆಕ್ಕ ಅವರದು. ಅದರಾಚೆ ಗಾಳಿ, ತೇವ, ಪುಡಿಯ ಕಾಳು ಎಲ್ಲ ಸೇರಿ ಅಂಚು ಬರೆಯುತ್ತವೆ. ಹೂವೂ ಹಾಗೇ ಅರಳುವುದು, ಯಾರೂ ಸ್ಕೇಲ್ ಇಟ್ಟು ಅರಳಿಸುವುದಿಲ್ಲ. ಹೀಗಾಗಿ ನಿಸರ್ಗ ಇಲ್ಲಿ ಚಿತ್ರದ ವಿಷಯವಾಗಿ ಕೂತು ಸುಮ್ಮನಿರುವುದಿಲ್ಲ, ಕೆಲಸಕ್ಕೂ ಕೈ ಹಾಕುತ್ತದೆ.

ನನ್ನ ಆಯ್ಕೆ ಕೇಳಿದರೆ ಕಾಗದಕ್ಕಿಂತ ಪಿಂಗಾಣಿಯ ಕೆಲಸಗಳು. ಕಾಗದದವಳಾಗಿ ಹೀಗೆ ಹೇಳಬಾರದು, ಏನು ಮಾಡುವುದು! ಅವರ ಊರಿನ ಸೀಮೆಯಲ್ಲೇ ಇರುವ ಡೆಹುವಾ ಬಿಳಿ ಪಿಂಗಾಣಿಗೆ ಹೆಸರಾದ ಊರು. ಅಲ್ಲಿಯ ಕುಶಲಕರ್ಮಿಗಳು ಮಾಡಿದ ತೆಳು ಎಸಳು, ಎಲೆ, ಹಕ್ಕಿಗಳ ಮೇಲೆ ತ್ಸಾಯ್ 2014ರಲ್ಲಿ ಮದ್ದು ಸಿಡಿಸಿ ನಾಲ್ಕು ಋತುಗಳನ್ನು ಮಾಡಿದರು. ಎಸಳಿನ ಬುಡದ ಸಂದಿಯಲ್ಲಿ ಹೊಗೆ ದಟ್ಟವಾಗಿ ನಿಂತಿದೆ, ತುದಿಗೆ ಬಂದಂತೆ ತಿಳಿಯಾಗಿದೆ. ನೆರಳನ್ನು ಯಾರೋ ಬರೆದಂತೆ ಕಾಣುವುದಿಲ್ಲ, ಅಲ್ಲೇ ಬೆಳೆದಂತೆ ಕಾಣುತ್ತದೆ. ಪಿಂಗಾಣಿ ಒಮ್ಮೆ ಭಟ್ಟಿಯ ಬೆಂಕಿ ಕಂಡು ಬಂದದ್ದು, ಮದ್ದಿನ ಬಿಸಿಗೆ ಜಗ್ಗುವುದಿಲ್ಲ. 2019ರಲ್ಲಿ ಮೆಲ್ಬರ್ನ್‌ನಲ್ಲಿ 10,000 ಪಿಂಗಾಣಿ ಹಕ್ಕಿಗಳನ್ನು ಹೀಗೇ ಕಪ್ಪಾಗಿಸಿ ದಾರದಲ್ಲಿ ತೂಗುಬಿಟ್ಟು, ಹಿಂಡು ಹಾರುವಾಗ ಬೆಟ್ಟದ ಆಕಾರ ಬರುವಂತೆ ಮಾಡಿದರು. ಈಚೆಗಿನ ಬಣ್ಣದ ಮದ್ದಿನ ಕ್ಯಾನ್ವಾಸ್‌ಗಳು ನನಗೆ ಅಷ್ಟಾಗಿ ಹಿಡಿಸಿಲ್ಲ. ಕಣ್ಣಿಗೆ ಹಬ್ಬವೇನೋ ಹೌದು, ಆದರೆ ಬಣ್ಣದ ಅಬ್ಬರದಲ್ಲಿ ಬೇಗೆಯ ಗುರುತು ಕಾಣುವುದೇ ಇಲ್ಲ.

ಹುಡುಗರ ಮುಂದಿನ ಪ್ರಶ್ನೆ: ನಾವೂ ಮಾಡಬಹುದಾ? ಪಟಾಕಿ ಬಿಚ್ಚಿ ಪುಡಿ ತೆಗೆದರೆ ಸಾಕಲ್ವಾ? ಖಂಡಿತ ಬೇಡ. ಪಟಾಕಿಯಲ್ಲಿರುವುದು ಬರೀ ಕರಿಮದ್ದಲ್ಲ. ಲೋಹದ ಪುಡಿ ಬೆರೆತಿರುವ ಎಷ್ಟೋ ಮಿಶ್ರಣಗಳು ತಿಕ್ಕಿದರೇ ಸಿಡಿಯುತ್ತವೆ. ನಮ್ಮಲ್ಲಿ 1884ರ ಸ್ಫೋಟಕ ಕಾಯ್ದೆ ಇನ್ನೂ ಜಾರಿಯಲ್ಲಿದೆ, ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು ಅಪರಾಧ. ತ್ಸಾಯ್ ಕೂಡ ಪರಿಣತ ಪಟಾಕಿ ತಂತ್ರಜ್ಞರನ್ನು, ಅಗ್ನಿಶಾಮಕದವರನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡುವುದು. ಅಷ್ಟಾಗಿಯೂ 2024ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನ ಕ್ರೀಡಾಂಗಣದಲ್ಲಿ ನಡೆದ ಪ್ರದರ್ಶನದಲ್ಲಿ ಚೂರುಗಳು ಬಿದ್ದು ಕೆಲವು ಪ್ರೇಕ್ಷಕರಿಗೆ ಸಣ್ಣಪುಟ್ಟ ಗಾಯಗಳಾದವು.

ಬಯಲಿನ ಕೆಲಸಗಳ ವಿಚಾರಕ್ಕೆ ಬರೋಣ. ಅವರಿಗೆ ದೊಡ್ಡ ಹೆಸರು ತಂದದ್ದು ಕಾಗದಕ್ಕಿಂತ ಇವೇ. 1993ರಲ್ಲಿ ಗೋಬಿ ಮರುಭೂಮಿಯಲ್ಲಿ, ಚೀನಾ ಮಹಾಗೋಡೆಯ ಪಶ್ಚಿಮದ ತುದಿಯಿಂದ ಮುಂದಕ್ಕೆ 10,000 ಮೀಟರ್ ಬತ್ತಿ ಎಳೆದು 600 ಕೆಜಿ ಮದ್ದು ಹಚ್ಚಿದರು, ಗೋಡೆ ಕಾಲು ಗಂಟೆ ಬೆಂಕಿಯಾಗಿ ಮುಂದುವರಿಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಕಾಶದಲ್ಲಿ ನಡೆದು ಬಂದ 29 ಹೆಜ್ಜೆಗಳೂ ಅವರವೇ. 2015ರ ಜೂನ್‌ನಲ್ಲಿ ಊರಿನ ಹತ್ತಿರದ ಪುಟ್ಟ ದ್ವೀಪದಲ್ಲಿ ಹೀಲಿಯಂ ಬಲೂನಿಗೆ 500 ಮೀಟರ್ ಏಣಿ ಕಟ್ಟಿ ಹೊತ್ತಿಸಿದ್ದನ್ನು ನೂರು ವರ್ಷದ ಅಜ್ಜಿ ಫೋನಿನಲ್ಲಿ ನೋಡಿದರು. ನಿಸರ್ಗದ ಸಂಕಟದ ಬಗ್ಗೆಯೂ ಇದೇ ಕಲಾವಿದ ಮಾತಾಡಿದ್ದಾರೆ. 2013ರಲ್ಲಿ ಶಾಂಘೈನ ಹ್ವಾಂಗ್‌ಪು ನದಿಯಲ್ಲಿ ಸಾವಿರಾರು ಸತ್ತ ಹಂದಿಗಳು ತೇಲಿ ಬಂದವು. ಮರುವರ್ಷ ತ್ಸಾಯ್ ಹಳೇ ಮೀನುದೋಣಿಯಲ್ಲಿ 99 ಪ್ರಾಣಿಗಳ ಬೊಂಬೆಗಳನ್ನು ಸುಸ್ತಾಗಿ ಬಿದ್ದಂತೆ ಮಲಗಿಸಿ ಅದೇ ನದಿಯಲ್ಲಿ ತಂದರು.

ಹೀಗಿದ್ದೂ 2025ರ ಸೆಪ್ಟೆಂಬರ್ 19ರಂದು ಟಿಬೆಟ್‌ನ ಶಿಗಾತ್ಸೆ ಪ್ರದೇಶದಲ್ಲಿ, ಸುಮಾರು 5,000 ಮೀಟರ್ ಎತ್ತರದ ಹಿಮಾಲಯದ ಬೆಟ್ಟಸಾಲಿನ ಮೇಲೆ ಡ್ರ್ಯಾಗನ್ ಆಕಾರದಲ್ಲಿ ಸಾಲುಸಾಲಾಗಿ ಮದ್ದು ಸಿಡಿಸಿದರು. ಪ್ರಾಯೋಜಕರು ಆರ್ಕ್‌ಟೆರಿಕ್ಸ್, ಬೆಟ್ಟ ಹತ್ತುವವರ ಉಡುಪಿನ ಕಂಪನಿ. ಚೀನಾದಲ್ಲೇ ಜನ ಸಿಟ್ಟಿಗೆದ್ದರು. ಬಳಸಿದ ವಸ್ತುಗಳು ಮಣ್ಣಲ್ಲಿ ಕರಗುವಂಥವು, ಪ್ರಾಣಿಗಳನ್ನು ಉಪ್ಪಿನ ಇಟ್ಟಿಗೆ ತೋರಿಸಿ ಮೊದಲೇ ಬೇರೆ ಕಡೆ ಕಳಿಸಿದ್ದೆವು ಅನ್ನುವ ಸಮಜಾಯಿಷಿ ನಡೆಯಲಿಲ್ಲ. ಕಂಪನಿ, ಕಲಾವಿದ ಇಬ್ಬರೂ ಕ್ಷಮೆ ಕೇಳಿದರು. ಸರ್ಕಾರಿ ತನಿಖೆಯಾಯಿತು, ಸ್ಥಳೀಯ ಅಧಿಕಾರಿಗಳ ಮೇಲೆ ಕ್ರಮವಾಯಿತು.

ನನ್ನ ತಕರಾರು ಸಿಟ್ಟಿನದಲ್ಲ, ಕಸುಬಿನದು. ಹೊಗೆ ಹೋದ ಮೇಲೆ ಏನು ಉಳಿಯುತ್ತದೆ ಅನ್ನುವುದೇ ಮದ್ದಿನ ಕಲೆಯಲ್ಲಿ ಮುಖ್ಯ. ಕಾಗದದ ಮೇಲೆ ಉಳಿದದ್ದೇ ಚಿತ್ರ, ಅದನ್ನು ಚೌಕಟ್ಟಿನಲ್ಲಿಟ್ಟು ಕಾಯಬಹುದು. ಗೋಬಿಯ ಮರಳಿನಲ್ಲಿ ಹೇಗೋ ನಡೆಯಿತು ಅನ್ನೋಣ. ಆ ಎತ್ತರದ ಹುಲ್ಲುಗಾವಲಿನಲ್ಲಿ ಬೆಳೆಯುವ ಕಾಲವೇ ವರ್ಷದಲ್ಲಿ ಕೆಲವು ತಿಂಗಳು. ಅಂಗೈಯಗಲ ಹುಲ್ಲಿನ ಹೊದಿಕೆ ಕಿತ್ತರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಹಿಡಿಯಬಹುದು. ಪೆಟ್ಟಿಗೆ, ಬತ್ತಿ, ಜನ, ಗಾಡಿ ಎಲ್ಲ ಅದರ ಮೇಲೇ ಓಡಾಡಬೇಕು. ಕರಗುವ ವಸ್ತು ಅಂದರೆ ಯಾವ ಚಳಿಯಲ್ಲಿ, ಎಷ್ಟು ದಿನದಲ್ಲಿ ಕರಗುವಂಥದ್ದು ಅಂತ ಯಾರೂ ಕೇಳಿದಂತಿಲ್ಲ. ನಾವು ಒಂದು ಹಳೇ ಪತ್ರಕ್ಕೆ ಹನಿ ನೀರು ಮುಟ್ಟಿಸುವ ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡುತ್ತೇವೆ, ಕಾದು ನೋಡುತ್ತೇವೆ. ಬೆಟ್ಟಕ್ಕೂ ಅಷ್ಟು ಮಾಡಬಹುದಿತ್ತು.

ಅಂದಹಾಗೆ ಈ ಡ್ರ್ಯಾಗನ್ ಹಳೇ ಕನಸು. 1989ರಲ್ಲೇ ಫ್ರಾನ್ಸಿನ ಸೇಂಟ್ ವಿಕ್ಟುವಾರ್ ಬೆಟ್ಟದ ಮೇಲೆ ಬೆಂಕಿಯ ಡ್ರ್ಯಾಗನ್ ಹತ್ತಿಸುವ ಯೋಜನೆ ಹಾಕಿದ್ದರು, ಅದು ನಡೆಯಲಿಲ್ಲ. ಅದಕ್ಕಾಗಿ ಕಾಗದದ ಮೇಲೆ ಮದ್ದು ಮತ್ತು ಶಾಯಿಯಲ್ಲಿ ಮಾಡಿದ ಚಿತ್ರ ಉಳಿದಿದೆ, ಆಮೇಲೆ ಪ್ರದರ್ಶನಗಳಲ್ಲೂ ಬಂದಿದೆ. ಆ ಡ್ರ್ಯಾಗನ್‌ಗೆ ಅಷ್ಟು ಜಾಗ ಸಾಕಿತ್ತು ಅನ್ನುವುದು ನನ್ನ ಅಭಿಪ್ರಾಯ.