ಮೈಲುತುತ್ತದ ಚಿಟಿಕೆ ಮತ್ತು ಸಮುದ್ರದ ಮೀನು

ಜೂನ್ ಮೊದಲ ವಾರ. ತೀರ್ಥಹಳ್ಳಿ ಕಡೆ ಅಡಿಕೆಗೆ ಮೊದಲ ಔಷಧಿ ಹೊಡೆಯುವ ಹೊತ್ತು. ನನ್ನ ಫೋನಿಗೆ ಒಂದು ವಿಡಿಯೊ ಬಂತು. ಬಕೆಟ್ಟಿನಲ್ಲಿ ಒಂದು ಕ್ಲೌನ್ ಮೀನು, ಅದೇ ಮಕ್ಕಳು 'ನಿಮೋ' ಅನ್ನುವ ಕಿತ್ತಳೆ ಮೀನು. ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದೆ. ಮೈಮೇಲಿಂದ ಬಿಳಿ ಪೊರೆ ಸುಲಿದು ನೇತಾಡುತ್ತಿದೆ. ಕೆಳಗೆ ವಿಡಿಯೊ ಕಳಿಸಿದ ಹುಡುಗಿಯ ಸಂದೇಶ: 'ಸರ್, ಶಿವಮೊಗ್ಗದ ಅಂಗಡಿಯಲ್ಲಿ ಸಾಯ್ತಾ ಇತ್ತು. ನೋಡೋಕೆ ಆಗ್ಲಿಲ್ಲ, ತಂದ್ಬಿಟ್ಟೆ. ಅಪ್ಪ ಒಂದು ಚಿಟಿಕೆ ಮೈಲುತುತ್ತ ಹಾಕೋಣ ಅಂತಿದ್ದಾರೆ. ಹಾಕ್ಲಾ?'

'ಹಾಕ್ಬೇಡಿ, ಬರ್ತಾ ಇದ್ದೀನಿ' ಎಂದು ಬರೆದು ಬೈಕ್ ಹತ್ತಿದೆ.

ನಾನು ಓದಿದ್ದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ. ಶಿವಮೊಗ್ಗದಲ್ಲಿ ಅಕ್ವೇರಿಯಂ ನೋಡಿಕೊಳ್ಳುವುದು, ಮೀನಿಗೆ ಕಾಯಿಲೆ ಬಂದರೆ ಮದ್ದು ಮಾಡುವುದು ನನ್ನ ಕೆಲಸ. ಘಟ್ಟದ ಮೇಲೆ ಸಮುದ್ರದ ಮೀನು ಸಾಕುವವರು ಕಡಿಮೆ. ಆದರೆ ಸಾಕುವವರ ಕಷ್ಟ ಜಾಸ್ತಿ. ಅದರಲ್ಲೂ ಅಂಗಡಿಯಲ್ಲಿ ಸಾಯುತ್ತಿರುವ ಮೀನನ್ನು ಕನಿಕರಪಟ್ಟು ಕೊಂಡು ತರುವವರ ಫೋನ್ ತಿಂಗಳಿಗೆ ಒಂದಾದರೂ ಬರುತ್ತದೆ.

ಆ ಅಪ್ಪ ಹೇಳಿದ್ದು ತೀರಾ ತಪ್ಪೇನಲ್ಲ. ಸಮುದ್ರದ ಮೀನಿಗೆ ಬರುವ ಬಿಳಿ ಚುಕ್ಕಿ ರೋಗಕ್ಕೆ ತಾಮ್ರವೇ ಹಳೆಯ ಮದ್ದು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ದ್ರಾವಣದಲ್ಲಿ ಇರುವುದೂ ಅದೇ. ಎಡವಟ್ಟಾಗುವುದು ಅಳತೆಯಲ್ಲಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಹಾಕುವ ಬೋರ್ಡೋದಲ್ಲಿ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ತಾಮ್ರ ಇರುತ್ತದೆ. ಮೀನಿಗೆ ಬೇಕಾದದ್ದು ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ. ಅಂದರೆ ಹೆಚ್ಚೆಂದರೆ ಹನ್ನೆರಡು ಸಾವಿರದಲ್ಲಿ ಒಂದು ಪಾಲು. 100 ಲೀಟರ್ ಟ್ಯಾಂಕಿಗೆ 80 ಮಿಲಿಗ್ರಾಂ ಮೈಲುತುತ್ತ ಸಾಕು. ಚಿಟಿಕೆಯಲ್ಲಿ ಅದರ ಐದಾರು ಪಟ್ಟು ಬರುತ್ತದೆ. ಸೀಗಡಿ, ಬಸವನಹುಳು ಇದ್ದರೆ ಸರಿಯಾದ ಅಳತೆಯ ತಾಮ್ರಕ್ಕೂ ಅವು ಉಳಿಯುವುದಿಲ್ಲ.

ಮನೆ ತಲುಪಿದಾಗ ಅಪ್ಪ ಅಂಗಳದಲ್ಲಿ ನೀಲಿ ಡ್ರಮ್ಮೊಂದನ್ನು ಉಜ್ಜಿ ತೊಳೆಯುತ್ತಿದ್ದರು. 'ಬಕೆಟ್ ಸಣ್ಣದಾಯ್ತು, ಮೀನಿಗೆ ಇದಾಗುತ್ತಲ್ಲ ಮಾರಾಯ್ರೆ? ಮೂರು ಸಲ ತೊಳೆದಿದ್ದೀನಿ.' ಬೋರ್ಡೋ ಕಲಸುವ ಡ್ರಮ್ಮದು. ಅಂಚಿನ ಗೀರುಗಳಲ್ಲಿ ಇನ್ನೂ ನೀಲಿ ಕೂತಿತ್ತು. ಬೇಡ ಅಂದೆ. ಅವರಿಗೆ ಬೇಜಾರಾಯಿತು. 'ಬೋರ್ಡೋ ಹದ ನೋಡೋಕೆ ನಾವು ಕತ್ತಿ ಅದ್ದಿ ನೋಡ್ತೀವಿ. ಕೆಂಪು ಕೂತರೆ ಸುಣ್ಣ ಸಾಲದು ಅಂತ. ಹಾಗೆ ನೋಡಿದ್ರೆ ಆಗಲ್ವಾ?' ಕೇಳಬೇಕಾದ ಪ್ರಶ್ನೆಯೇ. ಆದರೆ ಮೀನನ್ನು ಕೊಲ್ಲಲು ಬೇಕಾಗುವಷ್ಟು ತಾಮ್ರ ಕತ್ತಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ತಾಮ್ರ ಅಳೆಯುವ ಕಿಟ್ ಬೇಕು. ದಿನಕ್ಕೆ ಎರಡು ಸಲ ನೋಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು. ಈ ಮೀನಿಗೆ ಇದ್ದದ್ದು ಬಿಳಿ ಚುಕ್ಕಿ ರೋಗವೇ ಅಲ್ಲ.

ಚುಕ್ಕಿ ರೋಗದಲ್ಲಿ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಡಿ ಬಿಡಿ ಕಾಳು ಕಾಣುತ್ತವೆ. ವೆಲ್ವೆಟ್ ಅನ್ನುವ ಇನ್ನೊಂದು ಇದೆ. ಅದು ಧೂಳು ಕೂತಂತೆ ನಯವಾಗಿರುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಮಾತ್ರ ಮಂಕು ಚಿನ್ನದ ಬಣ್ಣ ಹೊಳೆಯುತ್ತದೆ. ಬಹಳ ಸಲ ಅದು ಕಣ್ಣಿಗೆ ಬೀಳುವ ಮೊದಲೇ ಮೀನು ಸತ್ತಿರುತ್ತದೆ. ಈ ಎರಡಕ್ಕೂ ತಾಮ್ರ ನಡೆಯುತ್ತದೆ. ಆದರೆ ಕ್ಲೌನ್ ಮೀನಿನ ಮೈಯಿಂದ ಲೋಳೆ ಹಾಳೆ ಹಾಳೆಯಾಗಿ ಕಿತ್ತು ಬರುತ್ತಿದೆ ಅಂದರೆ ನನ್ನ ಮೊದಲ ಅನುಮಾನ ಬ್ರೂಕ್ಲಿನೆಲ್ಲ ಅನ್ನುವ ಪರಾವಲಂಬಿ ಮೇಲೆ. ಅದಕ್ಕೆ ತಾಮ್ರ ನಾಟುವುದಿಲ್ಲ. ಅದು ಮೀನಿನ ಮೈಮೇಲೆಯೇ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಎರಡು ಮೂರು ದಿನದಲ್ಲಿ ಮುಗಿಸಿಬಿಡಬಹುದು.

ಗಾಜಿನ ಚೂರಿನ ಮೇಲೆ ಒಂದಿಷ್ಟು ಲೋಳೆ ತೆಗೆದು ನನ್ನ ಸಣ್ಣ ಮೈಕ್ರೋಸ್ಕೋಪಿನಡಿ ಇಟ್ಟೆ. ಅವರೆಕಾಳಿನ ಆಕಾರದವು, ಒಂದು ಕಡೆ ರೋಮ, ಗಿರಗಿರ ತಿರುಗುತ್ತಿವೆ. ಹುಡುಗಿ ಇಣುಕಿ ನೋಡಿದಳು. 'ಇಷ್ಟೊಂದಾ ಸರ್?' ಅಂದಳು. ಅಪ್ಪನೂ ನೋಡಿದರು, ಏನೂ ಮಾತಾಡಲಿಲ್ಲ.

ಆದರೂ ಮೊದಲು ಔಷಧಿ ಹಾಕಲಿಲ್ಲ. ನೀರು ನೋಡಿದೆ. ಬಕೆಟ್ಟಿನ ಉಪ್ಪಿನ ಅಳತೆ, ಅಂದರೆ ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಲೆಕ್ಕ, 1.018. ಸಮುದ್ರದ್ದು ಸುಮಾರು 1.025. ಉಪ್ಪು ಉಳಿಯುತ್ತದೆ, ಪರಾವಲಂಬಿಗಳೂ ಸ್ವಲ್ಪ ಹತೋಟಿಯಲ್ಲಿರುತ್ತವೆ ಅಂತ ಎಷ್ಟೋ ಅಂಗಡಿಗಳು ಉಪ್ಪು ಕಡಿಮೆ ಇಡುತ್ತವೆ. ಇದು ಗೊತ್ತಿಲ್ಲದೆ ಮನೆಯ ಟ್ಯಾಂಕಿಗೆ ನೇರ ಬಿಟ್ಟರೆ ಮೀನು ಒಳಗಿಂದ ಒಣಗುತ್ತದೆ. ಸಮುದ್ರದ ಮೀನು ನೀರಿನಲ್ಲೇ ಇದ್ದರೂ ಅದಕ್ಕೆ ಸದಾ ಬಾಯಾರಿಕೆ. ಮೈಯ ನೀರನ್ನು ಹೊರಗಿನ ಉಪ್ಪು ಎಳೆದುಕೊಳ್ಳುತ್ತಲೇ ಇರುತ್ತದೆ. ಅದಕ್ಕೆ ಅದು ಸಮುದ್ರದ ನೀರು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಹಾಕಬೇಕು. ತುಂಗೆಯ ಮೀನಿಗೆ ಈ ಕಷ್ಟವೇ ಇಲ್ಲ. ಉಪ್ಪು ಇಳಿಸಿದರೆ ಸಮುದ್ರದ ಮೀನು ತಾಳಿಕೊಳ್ಳುತ್ತದೆ. ಏರಿಸುವುದು ಮಾತ್ರ ದಿನಕ್ಕೆ 0.002ರಷ್ಟೇ. ಇದನ್ನು ನಾನು ಕಲಿತದ್ದು ನೀಲಿ ಟ್ಯಾಂಗ್ ಅನ್ನುವ ಒಂದು ಮೀನನ್ನು ಕೊಂದು. ಕೆಲಸ ಶುರುಮಾಡಿದ ಹೊಸತು. 1.017ರಿಂದ 1.025ಕ್ಕೆ ಒಂದೇ ಗಂಟೆಯಲ್ಲಿ ಏರಿಸಿದ್ದೆ. ಎರಡನೇ ದಿನ ಬೆಳಗ್ಗೆ ಫಿಲ್ಟರಿಗೆ ಅಂಟಿಕೊಂಡು ಬಿದ್ದಿತ್ತು. ಮೈಮೇಲೆ ಒಂದು ಚುಕ್ಕಿಯೂ ಇರಲಿಲ್ಲ.

ಅಮೋನಿಯ ಕಿಟ್ಟಿನ ನೀರು ಕಡು ಹಸಿರಿಗೆ ತಿರುಗಿತು. ಮೀನಿನ ಹೊಲಸಿನಿಂದ ಹುಟ್ಟುವ ಆ ವಿಷ ಏರಿದೆ ಅಂತ ಅರ್ಥ. ಬಕೆಟ್ಟಿನಲ್ಲಿ ಒಂದು ರಾತ್ರಿ ಕಳೆದಿತ್ತಲ್ಲ. ಅಡುಗೆಮನೆಯಲ್ಲಿದ್ದ ಹೊಸ ಪ್ಲಾಸ್ಟಿಕ್ ಟಬ್ ಕೇಳಿ ತೆಗೆದುಕೊಂಡೆ. 60 ಲೀಟರ್ ಹಿಡಿಯುವಂಥದ್ದು. ಹುಡುಗಿಯ ಹತ್ತಿರ ಸಮುದ್ರದ ಉಪ್ಪಿನ ಪುಡಿ ಇತ್ತು. ಅದರಲ್ಲೇ 1.018ರ ನೀರು ಮಾಡಿಸಿದೆ. ಕಲ್ಲುಪ್ಪು ಸಾಲದಾ ಅಂತ ಜನ ಕೇಳುತ್ತಾರೆ. ಸಾಲದು. ಅದರಲ್ಲಿ ಇರುವುದು ಹೆಚ್ಚುಕಮ್ಮಿ ಸೋಡಿಯಂ ಕ್ಲೋರೈಡ್ ಮಾತ್ರ. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಬೇಕು. ಮಲ್ಪೆಯಿಂದ ಕ್ಯಾನಿನಲ್ಲಿ ನೀರು ತರುವವರೂ ಇದ್ದಾರೆ. ಮಳೆಗಾಲದಲ್ಲಿ ದಡದ ನೀರಿಗೆ ಹೊಳೆ ನೀರು ಸೇರಿ ಉಪ್ಪು ಇಳಿದಿರುತ್ತದೆ, ಕೆಸರು ಬೇರೆ. ಆಗುಂಬೆ ಘಾಟಿ ಹತ್ತಿಸಿದ ಶ್ರಮ ದಂಡ.

ಟಬ್ಬಿನಲ್ಲಿ ಮರಳಿಲ್ಲ, ಕಲ್ಲಿಲ್ಲ. ಅಡಗಿಕೊಳ್ಳಲು ಪ್ಲಂಬಿಂಗಿನ ಒಂದು ಪಿವಿಸಿ ಎಲ್ಬೋ. 26 ಡಿಗ್ರಿಗೆ ಹೀಟರ್. ದೊಡ್ಡ ಟ್ಯಾಂಕಿನಲ್ಲಿ ಹಳೆಯದಾಗಿದ್ದ ಸ್ಪಂಜ್ ಫಿಲ್ಟರ್. ಅದರಲ್ಲಿ ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಆಗಲೇ ಮನೆಮಾಡಿರುತ್ತದೆ. ಒಮ್ಮೆ ಟಬ್ಬಿಗೆ ಬಂದ ಸ್ಪಂಜನ್ನು ಮತ್ತೆ ದೊಡ್ಡ ಟ್ಯಾಂಕಿಗೆ ಹಾಕಬಾರದು. ಬ್ಯಾಟರಿಯ ಏರ್ ಪಂಪ್ ಕೂಡ ಇಡಿಸಿದೆ. ಜೂನಿನಲ್ಲಿ ತೀರ್ಥಹಳ್ಳಿ ಕಡೆ ಕರೆಂಟಿನ ಕಥೆ ಗೊತ್ತಲ್ಲ.

ಆಮೇಲೆ ಸಿಹಿನೀರಿನ ಸ್ನಾನ. ನೋಡುವವರ ಎದೆ ಡವಗುಟ್ಟುವ ಕೆಲಸ ಇದು. ಸಿಹಿನೀರಿಗೆ ಬಿದ್ದ ಪರಾವಲಂಬಿ ನೀರು ಹೀರಿ ಉಬ್ಬಿ ಒಡೆಯುತ್ತದೆ. ಮೀನು ಕೆಲವು ನಿಮಿಷ ತಡೆಯುತ್ತದೆ. ಆ ಸಮಯವೇ ನಮ್ಮ ಲಾಭ. ಆದರೆ ಮಲೆನಾಡಿನ ಬಾವಿ ನೀರು ಮೆದು. ಅವರ ಬಾವಿಯದು ಪಿಎಚ್ 6.5 ತೋರಿಸಿತು. ಸಮುದ್ರದ ಮೀನಿಗೆ 8.2ರ ಹತ್ತಿರ ಬೇಕು. ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಕದಡಿ ಏರಿಸಿದೆ. ಬಿಸಿಯೂ ಟಬ್ಬಿನಷ್ಟೇ ಇರಬೇಕು. ಗಾಳಿಯ ಗುಳ್ಳೆ ಬಿಟ್ಟು, ಕಪ್ಪು ಬಕೆಟ್ಟಿನಲ್ಲಿ ಮೀನು ಇಳಿಸಿದೆ. ಇಳಿದ ಕೂಡಲೇ ಮಗ್ಗುಲಾಗಿ ಬಿತ್ತು. 'ಸತ್ತೇ ಹೋಯ್ತು' ಎಂದು ಹುಡುಗಿ ಕೂಗಿದಳು. ಇಲ್ಲ, ಕಿವಿರು ಆಡುತ್ತಿತ್ತು. ನಾಲ್ಕು ನಿಮಿಷ ಗಡಿಯಾರ ನೋಡಿಕೊಂಡು ಕೂತೆವು. ಗಂಜಿಯ ಕೆನೆಯ ಹಾಗೆ ಲೋಳೆ ಕಿತ್ತು ತಳಕ್ಕೆ ಇಳಿಯಿತು. ಎತ್ತಿ ಟಬ್ಬಿಗೆ ಬಿಟ್ಟಾಗ ಕಿವಿರಿನ ಬಡಿತ ನಿಮಿಷಕ್ಕೆ 140ರಿಂದ 110ಕ್ಕೆ ಇಳಿದಿತ್ತು.

ಈ ಸ್ನಾನ ಉಸಿರು ತಿರುಗಿಸಿಕೊಳ್ಳಲಷ್ಟೇ, ವಾಸಿಯಾಗುವುದಕ್ಕಲ್ಲ. ಬ್ರೂಕ್ಲಿನೆಲ್ಲಕ್ಕೆ ಫಾರ್ಮಲಿನ್ ಸ್ನಾನವೇ ಆಗಬೇಕು. ಅದನ್ನು ನಾನೇ ಮಾಡಿದೆ, ಕೈಗವಸು ಹಾಕಿಕೊಂಡು, ಜಗಲಿಯಲ್ಲಿ. ಮನೆಯೊಳಗೆ ಖಂಡಿತ ಬೇಡ. ಅಳತೆ ಇಲ್ಲಿ ಬರೆಯುವುದಿಲ್ಲ. ಫಾರ್ಮಲಿನ್ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದ್ದು. ನೀರಿನ ಆಮ್ಲಜನಕವನ್ನೂ ಎಳೆದುಬಿಡುತ್ತದೆ. ಗೊತ್ತಿರುವವರನ್ನು ಕರೆಸಿ.

ಚುಕ್ಕಿ ರೋಗದವರಿಗೂ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಜಾಸ್ತಿ ಬರುವುದು ಅದೇ. ನಾಲ್ಕೈದು ದಿನದಲ್ಲಿ ಚುಕ್ಕಿ ಮಾಯವಾಗುತ್ತದೆ. 'ವಾಸಿಯಾಯ್ತು ಸರ್' ಎಂದು ಫೋನ್ ಬರುತ್ತದೆ. ದನದ ಮೈಯಿಂದ ಉಣುಗು ಉದುರಿದರೆ ಕೊಟ್ಟಿಗೆ ಶುದ್ಧವಾಯಿತು ಅನ್ನುತ್ತೀರಾ? ರಕ್ತ ಕುಡಿದು ದಪ್ಪಗಾಗಿ ಬಿದ್ದದ್ದು ಮೊಟ್ಟೆ ಇಡುವುದಕ್ಕೆ. ಇದೂ ಹಾಗೆಯೇ. ಮೀನಿನಿಂದ ಕಳಚಿಕೊಂಡು ತಳದಲ್ಲಿ ಗೂಡು ಕಟ್ಟುತ್ತದೆ. ಒಂದೊಂದರಿಂದ ನೂರಾರು ಮರಿ ಹೊರಟು ಹೊಸ ಮೀನು ಹುಡುಕುತ್ತವೆ. ತಾಮ್ರ ಕೊಲ್ಲುವುದು ಹೀಗೆ ಹೊರಟು ಈಜುತ್ತಿರುವ ಮರಿಯನ್ನು ಮಾತ್ರ. ಅದಕ್ಕೇ ಚುಕ್ಕಿ ಹೋದ ಮೇಲೂ ಔಷಧಿ ನಿಲ್ಲಿಸಬಾರದು. ರೋಗ ಹೊಕ್ಕ ದೊಡ್ಡ ಟ್ಯಾಂಕಿನಲ್ಲಿ ಮೀನೇ ಇಲ್ಲದೆ ಎರಡೂವರೆ ತಿಂಗಳು ಬಿಡಲು ಹೇಳುತ್ತೇನೆ. ಬಹಳ ಜನ ಮೂರನೇ ವಾರಕ್ಕೇ ತಾಳ್ಮೆ ಕಳೆದುಕೊಳ್ಳುತ್ತಾರೆ.

ಹೊರಡುವಾಗ ಹುಡುಗಿ ಕೇಳಿದಳು, 'ನಾನು ತಂದದ್ದು ತಪ್ಪಾ ಸರ್?' ತಂದ ದಿನವೇ ದೊಡ್ಡ ಟ್ಯಾಂಕಿಗೆ ಬಿಡದೆ ಬಕೆಟ್ಟಿನಲ್ಲಿಟ್ಟಳಲ್ಲ, ಅದು ಸರಿ. ಆದರೆ ದುಡ್ಡು ಕೊಟ್ಟು ತಂದದ್ದನ್ನು ಬಿಡಿಸಿಕೊಂಡು ಬಂದದ್ದು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಸಮುದ್ರದ ಅಲಂಕಾರದ ಮೀನುಗಳಲ್ಲಿ ಹೆಚ್ಚಿನವು ಇವತ್ತಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ಆದರೆ ಕ್ಲೌನ್ ಹ್ಯಾಚರಿಯಲ್ಲೂ, ಅಂದರೆ ಮರಿ ಮಾಡಿಸುವ ಕೇಂದ್ರದಲ್ಲೂ ಸಿಗುತ್ತದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಞಂ ಕೇಂದ್ರಗಳಲ್ಲಿ ಅದರ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಅಂಗಡಿಯಲ್ಲಿ 'ಹ್ಯಾಚರಿ ಮರಿಯಾ?' ಎಂದು ಕೇಳಿ. ನಿಮ್ಮೆದುರೇ ಒಂದು ಸಲ ಊಟ ಹಾಕಿಸಿ ನೋಡಿ. ತಿನ್ನದ ಮೀನನ್ನು ಅಲ್ಲೇ ಬಿಟ್ಟು ಬನ್ನಿ. ಕಷ್ಟ, ನನಗೂ ಗೊತ್ತು.

ಮುಂದಿನ ವಾರ ಆ ಅಂಗಡಿಗೂ ಹೋದೆ. ಎಲ್ಲ ಟ್ಯಾಂಕಿಗೂ ಒಂದೇ ಪಂಪು, ಒಂದೇ ನೀರು. ಒಂದಕ್ಕೆ ಬಂದದ್ದು ಸಂಜೆಯೊಳಗೆ ಎಲ್ಲಕ್ಕೂ. ಹೊಸ ಲಾಟು ಬಂದಾಗ ಹದಿನಾಲ್ಕು ದಿನ ಬೇರೆ ಇಡಿ ಅಂದೆ. 'ಹದಿನಾಲ್ಕು ದಿನದ ಕರೆಂಟ್ ಬಿಲ್ಲು ನೀವು ಕಟ್ತೀರಾ ಸರ್?' ಅಂದರು. ಅವರದ್ದೂ ಹೊಟ್ಟೆಪಾಡು. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಬೇರೆ ಟಬ್ಬಿಗೆ ಒಪ್ಪಿದರು. ಲಾಟು ಬಂದ ದಿನ ನಾನು ಬಂದು ನೋಡಬೇಕು, ದುಡ್ಡು ಕೇಳಬಾರದು ಅನ್ನುವ ಷರತ್ತಿನ ಮೇಲೆ.

ತೀರ್ಥಹಳ್ಳಿಯ ಕ್ಲೌನ್ ಐದನೇ ದಿನ ಆರ್ಟೀಮಿಯಾ ಅನ್ನುವ ಪುಟ್ಟ ಉಪ್ಪುನೀರಿನ ಸೀಗಡಿ ತಿಂದಿತು. ಬಾಲದ ಒಂದು ಕಡೆ ಹರಿದದ್ದು ಇನ್ನೂ ಪೂರ್ತಿ ಕೂಡಿಲ್ಲ. ಆರು ವಾರ ಟಬ್ಬಿನಲ್ಲಿಟ್ಟು, ಅಡಿಕೆಗೆ ಎರಡನೇ ಔಷಧಿ ಹೊಡೆಯುವ ಹೊತ್ತಿಗೆ ದೊಡ್ಡ ಟ್ಯಾಂಕಿಗೆ ಬಿಟ್ಟರು. ಅವತ್ತು ಅಪ್ಪ ತೋಟದಿಂದ ಬಂದವರು ಕೈಗೆ ಮೂರು ಸಲ ಸೋಪು ಹಾಕಿ ತೊಳೆದು, ಆದರೂ ಟ್ಯಾಂಕಿನಿಂದ ಮಾರುದೂರ ನಿಂತೇ ನೋಡಿದರಂತೆ.