ನರಿತಾ: ರೈತರನ್ನು ಕೇಳದೇ ಕಟ್ಟಿದ ವಿಮಾನ ನಿಲ್ದಾಣ

ಬೆಂಗಳೂರಿನಿಂದ ಟೋಕಿಯೋಗೆ ನೇರ ವಿಮಾನ ಹಿಡಿದವರಲ್ಲಿ ಅನೇಕರು ಇಳಿಯುವುದು ನರಿತಾದಲ್ಲಿ. ಟೋಕಿಯೋ ನಗರ ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರ. ಅಷ್ಟು ದೂರ ಯಾಕೆ? ಎಷ್ಟೋ ವರ್ಷ ಒಂದೇ ರನ್‌ವೇ ಯಾಕಿತ್ತು? ಇದರ ಹಿಂದೆ ರೈತರ ದೊಡ್ಡ ಹೋರಾಟವಿದೆ.

ನರಿತಾ ಮೊದಲಿಂದಲೂ ಯಾತ್ರಿಕರ ಊರು. ಇಲ್ಲಿನ ಶಿನ್ಶೋಜಿ ಬೌದ್ಧ ದೇವಾಲಯ 940ರಲ್ಲಿ ಶುರುವಾಯಿತು ಎನ್ನುತ್ತಾರೆ. ಮುಖ್ಯ ದೇವರು ಫುಡೋ. ದಿನವೂ ಹೋಮ ನಡೆಯುತ್ತದೆ. ರೈಲು ನಿಲ್ದಾಣದಿಂದ ಗುಡಿಯವರೆಗಿನ ಬೀದಿಯಲ್ಲಿ ಹಾವು ಮೀನಿನ ಊಟದ ಹಳೇ ಹೋಟೆಲುಗಳಿವೆ.

ಗಲಾಟೆ ಶುರುವಾಗಿದ್ದು ಈ ಬೀದಿಯಲ್ಲಲ್ಲ, ಹತ್ತಿರದ ಸಾನ್ರಿಜುಕಾ ಹಳ್ಳಿಗಳಲ್ಲಿ. 1960ರ ದಶಕದಲ್ಲಿ ಟೋಕಿಯೋದ ಹನೇಡಾ ವಿಮಾನ ನಿಲ್ದಾಣ ತುಂಬಿ ತುಳುಕುತ್ತಿತ್ತು. ಹೊಸ ನಿಲ್ದಾಣಕ್ಕೆ ಸರ್ಕಾರ ಮೊದಲು ಟೊಮಿಸಾಟೊ ಎಂಬಲ್ಲಿ ಜಾಗ ನೋಡಿತು. ಅಲ್ಲಿನವರು ಜೋರಾಗಿ ವಿರೋಧಿಸಿದರು. ಕೊನೆಗೆ 1966ರ ಜುಲೈ 4ರಂದು ಪ್ರಧಾನಿ ಸಾಟೊ ಎಸಾಕು ಅವರ ಸಂಪುಟ ಸಾನ್ರಿಜುಕಾವನ್ನು ಗೊತ್ತು ಮಾಡಿತು. ಅಲ್ಲಿ ಅರಮನೆಗೆ ಸೇರಿದ ದೊಡ್ಡ ಪಶು ಫಾರ್ಮ್ ಇತ್ತು, ಭೂಮಿ ಸುಲಭವಾಗಿ ಸಿಗುತ್ತದೆ ಎಂಬ ಲೆಕ್ಕ. ಫಾರ್ಮಿನ ಸುತ್ತ ಇದ್ದವರಲ್ಲಿ ಅನೇಕರು ಯುದ್ಧದ ನಂತರ ಬಂದು, ಬರಡು ನೆಲ ಅಗೆದು ಹೊಲ ಮಾಡಿಕೊಂಡವರು. ಅವರನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ನನ್ನ ಪ್ರಕಾರ ಮುಂದಿನದ್ದೆಲ್ಲ ಹುಟ್ಟಿದ್ದು ಇಲ್ಲೇ. ಹಣ ಕೊಟ್ಟರೆ ಎದ್ದು ಹೋಗುತ್ತಾರೆ ಎಂದುಕೊಂಡರು. ಕೆಲವರು ಹೋದರು, ಉಳಿದವರು ಸಂಘ ಕಟ್ಟಿದರು. ಕೃಷಿ ಉಪಕರಣ ಮಾರುತ್ತಿದ್ದ ಟೊಮುರಾ ಇಸ್ಸಾಕು ಅದರ ಮುಖಂಡರಾದರು. ಎಡಪಂಥೀಯ ವಿದ್ಯಾರ್ಥಿಗಳೂ ಬೆಂಬಲಕ್ಕೆ ಬಂದರು.

1971ರಲ್ಲಿ ಪೊಲೀಸ್ ಬಲದಿಂದ ಭೂಮಿ ಕಸಿಯಲು ಹೊರಟಾಗ ಹೆಂಗಸರು ಮರಗಳಿಗೆ ತಮ್ಮನ್ನು ಸರಪಳಿಯಿಂದ ಕಟ್ಟಿಕೊಂಡರು, ಕೆಲವರು ನೆಲದಡಿ ಗುಹೆ ತೋಡಿ ಕೂತರು. ಸೆಪ್ಟೆಂಬರ್ 16ರ ಘರ್ಷಣೆಯಲ್ಲಿ ಮೂವರು ಪೊಲೀಸರು ಸತ್ತರು. ಕೆಲವೇ ದಿನಗಳಲ್ಲಿ ಒಬ್ಬ ಅಜ್ಜಿಯ ಮನೆಯನ್ನೂ ಕೆಡವಿದರು. ಆಮೇಲೆ ಹೋರಾಟಗಾರರ ಕಡೆಯಲ್ಲೂ ಜೀವ ಹೋಯಿತು. ಎರಡೂ ಕಡೆಯ ಈ ಸಾವುಗಳು ಬೇಕಿರಲಿಲ್ಲ, ಅಲ್ವಾ?

1978ರ ಮಾರ್ಚ್ 30ಕ್ಕೆ ಉದ್ಘಾಟನೆ ನಿಗದಿಯಾಗಿತ್ತು. ನಾಲ್ಕು ದಿನ ಮೊದಲು ಚರಂಡಿಯೊಳಗಿಂದ ನುಗ್ಗಿದ ಹೋರಾಟಗಾರರು ಕಂಟ್ರೋಲ್ ಟವರ್ ಹತ್ತಿ ಯಂತ್ರಗಳನ್ನು ಪುಡಿ ಮಾಡಿದರು. ನಿಲ್ದಾಣ ತೆರೆದಿದ್ದು ಮೇ 20ಕ್ಕೆ, ಮೂರು ರನ್‌ವೇಗಳ ಯೋಜನೆಯಲ್ಲಿ ಒಂದೇ ಒಂದರ ಜೊತೆ. ಭದ್ರತೆ ಎಷ್ಟು ಬಿಗಿಯಾಗಿತ್ತೆಂದರೆ, ನೆಂಟರನ್ನು ಬೀಳ್ಕೊಡಲು ಬಂದವರೂ ಗುರುತಿನ ಚೀಟಿ ತೋರಿಸಬೇಕಿತ್ತು. ಈ ತಪಾಸಣೆ ನಿಂತಿದ್ದು 2015ರಲ್ಲಿ.

1991ರಿಂದ ಎರಡೂ ಕಡೆಯವರು ಬಹಿರಂಗವಾಗಿ ಕೂತು ಮಾತಾಡಿದರು. ಬಲವಂತದಿಂದ ಭೂಮಿ ಪಡೆಯುವುದಿಲ್ಲ ಎಂದು ಸರ್ಕಾರ ಮಾತು ಕೊಟ್ಟಿತು. 1995ರಲ್ಲಿ ಪ್ರಧಾನಿ ಮುರಾಯಾಮಾ ಕ್ಷಮೆ ಕೇಳಿದರು. ಈ ಮಾತುಕತೆ 1966ಕ್ಕೂ ಮೊದಲೇ ಆಗಬೇಕಿತ್ತು. ಎರಡನೇ ರನ್‌ವೇ ಬಂದಿದ್ದು 2002ರ ಏಪ್ರಿಲ್‌ನಲ್ಲಿ, ಫುಟ್‌ಬಾಲ್ ವಿಶ್ವಕಪ್‌ಗೆ ಸ್ವಲ್ಪ ಮೊದಲು. ಬೇಕಿದ್ದ ಭೂಮಿ ಸಿಗದೆ ಅದರ ಉದ್ದ 2,180 ಮೀಟರ್‌ಗೇ ನಿಂತಿತು. 2009ರಲ್ಲಿ ಇನ್ನೊಂದು ದಿಕ್ಕಿಗೆ ಎಳೆದು 2,500 ಮೀಟರ್ ಮಾಡಿದರು. ಅದರ ಪಕ್ಕದ ಟ್ಯಾಕ್ಸಿವೇ (ವಿಮಾನಗಳು ರನ್‌ವೇಗೆ ಹೋಗಿಬರುವ ದಾರಿ) ಒಬ್ಬ ಗೇಣಿ ರೈತನ ತರಕಾರಿ ಹೊಲವನ್ನು ಸುತ್ತಿಕೊಂಡು ಬಾಗಿತ್ತು. ಹೊಲದ ಮಾಲೀಕರಿಂದ ಭೂಮಿ ಕೊಂಡಿದ್ದ ನಿಲ್ದಾಣದವರು ಕೋರ್ಟಿನಲ್ಲಿ ಗೆದ್ದರು. 2023ರ ಫೆಬ್ರವರಿಯಲ್ಲಿ ರಾತ್ರೋರಾತ್ರಿ ಪೊಲೀಸ್ ಕಾವಲಿನಲ್ಲಿ ಅದರ ಒಂದು ಭಾಗವನ್ನು ತೆರವು ಮಾಡಲಾಯಿತು. ಕೋರ್ಟಿನ ಆದೇಶ ಸರಿ, ಆದರೆ 1990ರ ದಶಕದ ಆ ಮಾತು ನಂಬಿದವರಿಗೆ ಇದು ನೋವಿನ ವಿಷಯವೇ.

ಈಗ 3,500 ಮೀಟರ್ ಉದ್ದದ ಮೂರನೇ ರನ್‌ವೇ ಕೆಲಸ ನಡೆಯುತ್ತಿದೆ. 2029ರ ಹೊತ್ತಿಗೆ ಮುಗಿಸುವ ಗುರಿ ಇಟ್ಟುಕೊಂಡಿದ್ದರು. ಎರಡನೆಯದನ್ನೂ ಅಷ್ಟೇ ಉದ್ದ ಮಾಡುತ್ತಾರಂತೆ. ಇದಕ್ಕಾಗಿ ಮತ್ತೆ ಹಳ್ಳಿಗಳ ಮನೆಗಳು, ಹೊಲಗಳು ಬೇಕಾಗಿವೆ. ಈ ಸಲ ಸುತ್ತಲಿನ ಊರುಗಳ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದಾರೆ.