ಗಿಡ ತಿಂದ ದನದ ರಕ್ತನಾಳಕ್ಕೆ ಸುಣ್ಣ ಕಟ್ಟುವುದು ಹೇಗೆ?

ಪ್ರಶ್ನೆ: ಅರ್ಜೆಂಟೀನಾದಲ್ಲಿ ಯಾವುದೋ ಗಿಡ ತಿಂದು ದನಗಳ ರಕ್ತನಾಳವೇ ಗಟ್ಟಿಯಾಗುತ್ತದಂತೆ. ಆ ಎಲೆಯಲ್ಲಿ ಅಷ್ಟೊಂದು ಕ್ಯಾಲ್ಸಿಯಂ ಇರುತ್ತದಾ?

ಎಲೆಯ ಕ್ಯಾಲ್ಸಿಯಂ ಲೆಕ್ಕಕ್ಕೇ ಇಲ್ಲ. ದಿನಾ ಮೇಯುವ ಹುಲ್ಲಿನಲ್ಲಿರುವುದೇ ಸಾಕು. ಕೆಟ್ಟಿರುವುದು ಅದನ್ನು ಒಳಗೆ ಬಿಡುವ ಬಾಗಿಲು.

ಬಿಸಿಲಿನಿಂದಲೋ ಮೇವಿನಿಂದಲೋ ಬಂದ ವಿಟಮಿನ್ ಡಿ ಹಾಗೇ ಕೆಲಸ ಮಾಡುವುದಿಲ್ಲ. ಮೊದಲು ಯಕೃತ್ತು, ಆಮೇಲೆ ಮೂತ್ರಪಿಂಡ ಅದನ್ನು ಬದಲಾಯಿಸಬೇಕು. ಆಗ ಸಿಗುವ ಕ್ಯಾಲ್ಸಿಟ್ರಿಯಾಲ್ ಕರುಳಿಗೆ ‘ಕ್ಯಾಲ್ಸಿಯಂ ಎಳೆದುಕೋ’ ಎನ್ನುತ್ತದೆ. ಮೂತ್ರಪಿಂಡ ಮಹಾ ಜುಗ್ಗ. ರಕ್ತದಲ್ಲಿ ಕ್ಯಾಲ್ಸಿಯಂ ಸಾಕಾಯಿತೋ, ತಯಾರಿ ನಿಲ್ಲಿಸಿಬಿಡುತ್ತದೆ.

ಸೊಲಾನಮ್ ಗ್ಲಾಕೊಫಿಲ್ಲಮ್ ಎಂಬ ಆ ಗಿಡ ನಮ್ಮ ಬದನೆಯ ಕುಲದ್ದೇ. ಅದರ ಎಲೆಯಲ್ಲಿ ರೆಡಿಮೇಡ್ ಕ್ಯಾಲ್ಸಿಟ್ರಿಯಾಲ್ ಸಕ್ಕರೆಗೆ ಅಂಟಿಕೊಂಡಿರುತ್ತದೆ. ಹೊಟ್ಟೆಯ ಸೂಕ್ಷ್ಮಜೀವಿಗಳು ಸಕ್ಕರೆ ಕಳಚಿದರೆ ಮುಗಿಯಿತು, ಮೂತ್ರಪಿಂಡವನ್ನು ಕೇಳುವವರೇ ಇಲ್ಲ. ಕ್ಯಾಲ್ಸಿಯಂ, ರಂಜಕ ಎರಡೂ ರಕ್ತಕ್ಕೆ ನುಗ್ಗುತ್ತವೆ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ ಮಹಾಪಧಮನಿ, ಹೃದಯ, ಶ್ವಾಸಕೋಶ, ಕಾಲಿನ ಸ್ನಾಯುರಜ್ಜುಗಳಲ್ಲಿ ಸುಣ್ಣ ಕೂರುತ್ತದೆ.

ಬ್ಯೂನಸ್ ಐರಿಸ್ ಪ್ರಾಂತ್ಯದ ಸಲಾಡೊ ನದಿಯ ಸುತ್ತ ನೀರು ನಿಲ್ಲುವ ತಗ್ಗು ಹುಲ್ಲುಗಾವಲುಗಳಿವೆ. ಅಲ್ಲಿ ಈ ಕಾಯಿಲೆಗೆ ‘ಎಂಟೆಕೆ ಸೆಕೊ’ ಎನ್ನುತ್ತಾರೆ. ದನಗಳೇನೂ ಆಸೆಪಟ್ಟು ಆ ಗಿಡಕ್ಕೆ ಬಾಯಿ ಹಾಕುವುದಿಲ್ಲ. ಉದುರಿದ ಎಲೆ ಹುಲ್ಲಿನ ಜೊತೆ ಸುಮ್ನೆ ಹೊಟ್ಟೆಗೆ ಹೋಗುತ್ತದೆ. ಒಣಗಿದರೂ ಅದರ ವಿಷ ಹೋಗುವುದಿಲ್ಲ. ಮೇವು ಚೆನ್ನಾಗಿದ್ದರೂ ದನ ಸೊರಗುತ್ತದೆ, ಬೆನ್ನು ಬಿಲ್ಲಾಗುತ್ತದೆ, ಮುಂಗಾಲು ಸೆಟೆದು ಗೊರಸಿನ ತುದಿಯಲ್ಲಿ ಹೆಜ್ಜೆ ಇಡುತ್ತದೆ. ಇದಕ್ಕೆಂದೇ ಔಷಧಿಯಿಲ್ಲ. ಬೇಗ ಬೇರೆ ಹುಲ್ಲುಗಾವಲಿಗೆ ಅಟ್ಟಿದರೆ ಕೆಲವು ಚೇತರಿಸಿಕೊಳ್ಳುತ್ತವೆ.

ಆಲ್ಪ್ಸ್ ಬೆಟ್ಟಗಳಲ್ಲಿ ಹಳದಿ ಓಟ್ ಹುಲ್ಲು ಇದೇ ಕಿತಾಪತಿ ಮಾಡುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಸೆಸ್ಟ್ರಮ್ ಡಯರ್ನಮ್, ಅಂದರೆ ರಾತ್ರಿರಾಣಿಯ ಬಳಗದ, ಹಗಲಿನಲ್ಲಿ ಘಮ್ಮೆನ್ನುವ ಬಿಳಿ ಹೂವಿನ ಗಿಡ. ಅದು ನಮ್ಮ ಕೈತೋಟಗಳಲ್ಲೂ ಇದೆ, ‘ದಿನ್ ಕಾ ರಾಜಾ’ ಎಂದು ನರ್ಸರಿಯಲ್ಲಿ ಸಿಗುತ್ತದೆ. ಬೆಳೆಸಿ, ಬೇಡ ಅನ್ನೊಲ್ಲ. ಕತ್ತರಿಸಿದ ಟೊಂಗೆಯನ್ನು ಮಾತ್ರ ದನದ ಮುಂದೆ ಹಾಕಬೇಡಿ.

ಇನ್ನೊಂದು ತಮಾಷೆ ಕೇಳಿ. ಕರು ಹಾಕಿದ ಹಸುವಿಗೆ ಹಾಲು ಜ್ವರ ಬರುವುದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಾಗ, ಅಲ್ವಾ? ಅದನ್ನು ತಡೆಯಲು ಯುರೋಪಿನಲ್ಲಿ ಕೊಡುವ ಕೆಲವು ದಪ್ಪ ಗುಳಿಗೆಗಳಲ್ಲಿ ಅಳತೆ ಮಾಡಿ ಹಾಕಿರುವುದು ಇದೇ ಸೊಲಾನಮ್ ಎಲೆಯನ್ನು.